ಕರೆಯದೆ ಬಂದ ಮುಯ್ಯಿ

ದೀಪಾವಳಿಯ ದೊಡ್ಡಹಬ್ಬ ಕಳೆದು, ಗದ್ದೆಯ ನೀರು ಆರಿ, ಕೊಯ್ದ ಪೈರು ನೆಲದ ಮೇಲೆ ಮೈಚೆಲ್ಲಿ ಒಣಗುತ್ತಿದ್ದ ಹೊತ್ತಿನಲ್ಲಿ ಕಡಲ ಕಡೆಯಿಂದ ಮೋಡ ಎದ್ದಿತು. ಬಾ ಎಂದು ಕೈಮುಗಿದಾಗ ಬಾರದೆ, ಬೇಡವೆಂದಾಗ ಬಾಗಿಲು ಬಡಿಯುವುದು ಈಚಿನ ವರ್ಷಗಳಲ್ಲಿ ಮಳೆ ಕಲಿತ ಹೊಸ ಚಾಳಿ. ಬೀರಿ ಗದ್ದೆಯ ನಡುವೆ ನಿಂತು ಮೋಡ ನೋಡಿದಳು, ಮಲಗಿದ ಪೈರು ನೋಡಿದಳು, ಆಮೇಲೆ ತನ್ನ ಕೇರಿ ಕೊಪ್ಪದ ಕಡೆ ನೋಡಿದಳು. ಕೂಗಿದರೆ ಓಗೊಡುವವರು ಯಾರೂ ಇರಲಿಲ್ಲ. ಅಂಗಳಗಳಲ್ಲಿ ಕೋಳಿಗಳಿದ್ದವು, ಜಗಲಿಗಳಲ್ಲಿ ಮುದುಕರಿದ್ದರು. ಕೈಕಾಲು ಗಟ್ಟಿಯಿದ್ದವರೆಲ್ಲ ಬೆಳಗ್ಗೆಯೇ ಟೆಂಪೋ ಹತ್ತಿ ಕಾರವಾರಕ್ಕೆ ಹೋಗಿದ್ದರು. ಜಿಲ್ಲೆಯ ದೊಡ್ಡ ಸಾಹೇಬರ ಕಚೇರಿಯ ಮುಂದೆ ಕೂತು, ನಮ್ಮ ಗದ್ದೆ ನಮಗೇ ಇರಲಿ ಎಂದು ಬೇಡಿಕೊಳ್ಳಲು. ತನ್ನದನ್ನೇ ತಾನು ಬೇಡಬೇಕಾದ ಕಾಲ ಇದು.

ಬಂದರಿನ ಕಬ್ಬಿಣದ ಡಬ್ಬಿಗಳನ್ನು ಪೇರಿಸಿಡಲು ಜಾಗ ಬೇಕಂತೆ. ಕಾರವಾರ ಅಂಕೋಲೆಗಳ ನಡುವೆ, ಗುಡ್ಡದ ಬುಡದಿಂದ ಹೆದ್ದಾರಿಯವರೆಗೆ ಹರಡಿದ ಹಾಲಕ್ಕಿ ಒಕ್ಕಲಿಗರ ಗದ್ದೆಯೇ ಆ ಜಾಗವಂತೆ. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಕೊಪ್ಪದವರು ಅದನ್ನು ಚಿಕ್ಕದಾಗಿ 'ಯಾರ್ಡು' ಅನ್ನುತ್ತಿದ್ದರು. ಬೀರಿಗೆ ಇದೇನೂ ಹೊಸತಲ್ಲ. ಅವಳು ಹುಟ್ಟಿದ ಊರು ನೌಕಾನೆಲೆಗೆ ಹೋಗಿತ್ತು. ಈಗ ಅವಳಿಗೆ ತವರೆಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಕಾಂಪೌಂಡು ಗೋಡೆ. ಇನ್ನೊಮ್ಮೆ ಗಂಟುಮೂಟೆ ಕಟ್ಟುವುದಿಲ್ಲ ಎಂದು ಊರಗೌಡ ಬೊಮ್ಮು ಬಾಯಿ ತೆರೆಯುವ ಮೊದಲೇ ಸಭೆಯಲ್ಲಿ ಎದ್ದು ಹೇಳಿದವಳು ಅವಳೇ. ಅಂದು ಕೊಪ್ಪ ಒಂದು ಕಟ್ಟು ಹಾಕಿಕೊಂಡಿತು: ಅಳೆಯಲು ಬಂದವರಿಗೆ ನೀರಿಲ್ಲ, ನೆರಳಿಲ್ಲ, ಮಾತಿಲ್ಲ, ದಾರಿಯಿಲ್ಲ.

ಕಟ್ಟು ಗಟ್ಟಿಯಾಗಿತ್ತು. ಟ್ರ್ಯಾಕ್ಟರು ಬರದ ಹಾಗೆ ಗಾಡಿದಾರಿಗೆ ಅಗಳು ತೋಡಿದ್ದರು. ಉಳಿದಿದ್ದ ಕಾಲುದಾರಿಯ ಬಾಯಲ್ಲಿ ಅಡ್ಡಗೋಲಿನ ದಣಪೆ ಹಾಕಿ ಹಗಲೂ ರಾತ್ರಿ ಸರದಿಯ ಮೇಲೆ ಕೂರುತ್ತಿದ್ದರು, ಈ ದಿನ ಆ ಸರದಿ ಮುದುಕರದು. ಬರಿಗೈಯವರು ಬೇಲಿ ಹಾರಿಯಾರು, ಕಲ್ಲು ಹೊತ್ತವರಿಗೆ ದಾರಿ ಅದೊಂದೇ. ಕೆಂಪು ತಲೆಯ ಗಡಿಕಲ್ಲುಗಳು ಹೆದ್ದಾರಿಯ ಪಕ್ಕ ರಾಶಿ ಬಿದ್ದು ಪಾಚಿ ಹಿಡಿದಿದ್ದವು. ಅವುಗಳ ಪಕ್ಕದಲ್ಲೇ ನೀಲಿ ತಾಡಪಾಲಿನ ಕೆಳಗೆ ಗುತ್ತಿಗೆದಾರ ಕರೆತಂದ ಘಟ್ಟದ ಮೇಲಿನ ಕೂಲಿಗಳು. ಕೆಲಸವಿಲ್ಲದೆ ಕೂತಿದ್ದ ಆ ಜನರನ್ನು ಬೀರಿ ಹಿಂದಿನ ದಿನವಷ್ಟೇ ಬೇಲಿಯಾಚೆಯಿಂದ ಬೈದಿದ್ದಳು. "ಹೊಟ್ಟೆಗಿಲ್ಲ ಅಂದ್ಕಂಡೆ ಮಂದಿ ಗದ್ದೆಗೆ ಕಲ್ಲ್ ಹಾಕೂಕೆ ಬಂದೀರಲ್ಲಾ, ನಿಮ್ಮ ವಂಶಕ್ಕೆ ಕಲ್ಲ್ ಬೀಳಾ!"

ಬೇರೆಯವರ ಪೈರೆಲ್ಲ ಆಗಲೇ ಅಂಗಳ ಸೇರಿತ್ತು. ಅವಳ ಗಂಡ ಸೋಮು ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಜಗಲಿಯಲ್ಲಿ ಮಲಗಿದ್ದರಿಂದ ಅವಳ ಕೊಯ್ಲು ಹಿಂದೆ ಬಿದ್ದಿತ್ತು. ನಾಳೆ ಎಲ್ಲರೂ ಬಂದು ಹೊರುವುದೆಂದು ಮಾತಾಗಿತ್ತು. ಮೋಡಕ್ಕೆ ಆ ಮಾತು ಗೊತ್ತಿರಲಿಲ್ಲ.

ಅವಳು ಮೊದಲ ಹೊರೆ ಕಟ್ಟಿದಳು. ಎತ್ತಿಸುವವರಿಲ್ಲದೆ ಮೊಣಕಾಲೂರಿ, ನೆಲಕ್ಕೆ ಹಣೆ ಮುಟ್ಟಿಸಿ, ಹೇಗೋ ತಲೆಗೇರಿಸಿಕೊಂಡು ಓಡಿದಳು. ಹಿಂತಿರುಗುವಾಗ ಗಾಳಿ ಎದ್ದಿತ್ತು. ಎರಡನೆಯ ಹೊರೆಯ ಹಗ್ಗವೇ ಬಿಗಿಯಲೊಲ್ಲದು. ಆಗ ಬೇಲಿ ಹಾರಿದ ಸದ್ದಾಯಿತು. ತಿರುಗಿದರೆ ತಾಡಪಾಲಿನ ಜನ! ಗಂಡಸರು ಲುಂಗಿ ಎತ್ತಿಕಟ್ಟಿ, ಹೆಂಗಸರು ಸೆರಗು ಸೊಂಟಕ್ಕೆ ಬಿಗಿದು ಓಡಿ ಬರುತ್ತಿದ್ದರು. ಬೀರಿ ಕತ್ತಿಗಾಗಿ ತಡಕಾಡಿದಳು. ಗದ್ದೆಗೆ ಹೊಕ್ಕೇಬಿಟ್ಟರು ಅನ್ನಿಸಿತು. ಮುಂದೆ ಬಂದ ಎತ್ತರದ ಹೆಂಗಸು ಬಗ್ಗಿ ಪೈರು ಬಾಚಿ ತಬ್ಬಿಕೊಂಡು ಕೇಳಿದ್ದು ಇಷ್ಟೇ:

"ಏ ಯವ್ವಾ, ಎಲ್ಲಿ ಒಟ್ಟೂದು ಹೇಳ! ಹಿಂಗ ಕಣ್ಣ ಬಿಟಗೊಂಡ ನಿಂತ್ರ ಮಳಿ ನಿಂದರತೈತೇನ?"

ಬೀರಿ ಕತ್ತಿ ತಡಕುವುದನ್ನು ಬಿಟ್ಟಳು. ಮನೆಯತ್ತ ಕೈ ತೋರಿಸಿದಳು. ಹನಿ ದಪ್ಪವಾಗುವುದರೊಳಗೆ ಗದ್ದೆ ಖಾಲಿಯಾಯಿತು. ಅವಳ ಒಂದು ಹೊರೆಗೆ ಆ ಹೆಂಗಸು ಎರಡು ಹೊತ್ತಳು. ಮಾಡಿನ ಕೆಳಗೆ ಪೈರು ಒಟ್ಟುವುದೂ ಅವರಿಗೆ ಗೊತ್ತಿತ್ತು. ತೆನೆ ಒಳಗೆ, ಬುಡ ಹೊರಗೆ. ಹೇಳಿಕೊಡಬೇಕಾಗಲಿಲ್ಲ. ಜಗಲಿಯಲ್ಲಿ ಮಲಗಿದ್ದ ಸೋಮು ಕುತ್ತಿಗೆ ಎತ್ತಿ ಬೆರಗಾಗಿ ನೋಡುತ್ತಿದ್ದ. ಯಾರೋ ಅವನ ಹೊದಿಕೆಯನ್ನು ಎರಚಲಿಗೆ ಸಿಕ್ಕದಂತೆ ಒಳಗೆ ಸರಿಸಿದರು. "ದ್ಯಾಮವ್ವಾ, ನಡಿಬೇ" ಎಂದು ಒಬ್ಬ ಕರೆದ. ಎತ್ತರದ ಹೆಂಗಸು ಮುಖದ ನೀರು ಒರೆಸಿಕೊಂಡು ನಕ್ಕಳು. ಬಂದ ಹಾಗೆಯೇ ಬೇಲಿ ಹಾರಿ ಹೋದರು.

ಹೋದ ಮೇಲೆ ಬೀರಿಗೆ ಹೊಳೆಯಿತು. ಒಂದು ಲೋಟ ನೀರು ಬೇಕಾ ಎಂದು ತಾನು ಕೇಳಲಿಲ್ಲ. ಬಾಯಿಗೆ ಬಂದದ್ದನ್ನು ಊರಿನ ಕಟ್ಟು ತಡೆದಿತ್ತು.

ಸಂಜೆ ಕಾರವಾರದಿಂದ ಬಂದವರು ಬರಿಗೈಯಲ್ಲೇ ಬಂದರು. ದೊಡ್ಡ ಸಾಹೇಬರು ಮೀಟಿಂಗಿನಲ್ಲಿದ್ದರಂತೆ. ಮಳೆಯಲ್ಲಿ ನೆನೆದು ನೆನೆದು ಕೂತವರಿಗೆ ಬೀರಿಯ ಮಾಡಿನ ಕೆಳಗೆ ಒಣಗಿದ ಪೈರು ಕಂಡಿತು. ಪಕ್ಕದ ಮನೆಯ ಕಾಮಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯೇ ಬೀರಿ, ಇಷ್ಟೂ ನೀನೊಬ್ಳೇ ಹೊತ್ಯೆ? ಮೈಯಲ್ಲಿ ಜಟಗ ದೇವ್ರ್ ಬಂದಿದ್ನೆ?"

"ಅವ್ರ ಬಂದ್ರು. ತಾಡಪಾಲ್ನವ್ರು."

"ಕರದ್ಯಾ?"

"ನಾ ಕರೀಲಿಲ್ಲಾ. ಬಂದ್ರು, ಹೊತ್ರು, ಹೋದ್ರು."

ಬೊಮ್ಮುಗೌಡ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಚ್ಚುವುದನ್ನು ನಿಲ್ಲಿಸಿದ. "ಬೆಕ್ಕ್ ಬಂದ್ ಹಾಲ್ ಕಾಯ್ತು ಅಂದಂಗಾಯ್ತು. ಆಯ್ತು, ಬಂದದ್ದ್ ಬಂತು. ಆದ್ರೆ ಬೀರಕ್ಕಾ, ಇದ್ಕೆ ಮುಯ್ಯಿಲ್ಲಾ. ಕೇಳ್ತಾ?"

"ಯಾರ್ ಮುಯ್ಯಿ ಅಂದ್ರು?" ಎಂದಳು ಬೀರಿ. ಅಂದಳೇ ಹೊರತು, ಆ ಮಾತು ಅವಳ ಹೊಟ್ಟೆಯಲ್ಲಿ ಆಗಲೇ ಕೂತಿತ್ತು.

ಮುಯ್ಯಿ ಎಂದರೇನೆಂದು ಪೇಟೆಯವರಿಗೆ ಹೇಳಬೇಕು. ನನ್ನ ಸಸಿ ನಟ್ಟಿಗೆ ನೀನು ಬಂದರೆ ನಿನ್ನ ಕೊಯ್ಲಿಗೆ ನಾನು ಬರುತ್ತೇನೆ. ದುಡ್ಡಿಲ್ಲ, ಸಾಕ್ಷಿಯಿಲ್ಲ, ಕರಾರಿಲ್ಲ. ಆಳಿಗೆ ಕೂಲಿ ಕೊಡಲಾಗದವರು ನೂರಾರು ವರ್ಷ ಗದ್ದೆ ಉಳಿಸಿಕೊಂಡದ್ದು ಇದೊಂದರಿಂದಲೇ. ಬೀರಿಯ ಅತ್ತೆ ಸಾಯಲು ಮಲಗಿದವಳು, ಗಂಗೂ ಮನೆಯ ನಟ್ಟಿಗೆ ತಾನು ಹೋಗುವುದು ಬಾಕಿಯಿದೆಯೆಂದು ಬಾಯಿಗೆ ಹಾಕಿದ ಗಂಜಿ ನುಂಗಲಿಲ್ಲ. ಸೊಸೆ ಹೋಗಿ ಸಂಜೆಯವರೆಗೆ ನೆಟ್ಟು, ಕೆಸರುಗಾಲಲ್ಲೇ ಬಂದು "ಮುಗೀತು ಅತ್ತೇ" ಎಂದ ಮೇಲೆಯೇ ಮುದುಕಿ ಕಣ್ಣು ಮುಚ್ಚಿದ್ದು. ಅಂಥ ಮನೆಯಲ್ಲಿ ಬಾಳಿದವಳು, ಶತ್ರುವಿನ ಬೆವರಿನಿಂದ ಒಣಗಿ ಉಳಿದ ಅಕ್ಕಿಯನ್ನು ಗಂಟಲಲ್ಲಿ ಹೇಗೆ ಇಳಿಸಬೇಕು?

ಸೋಮುವಿಗೂ ಅದು ಗೊತ್ತಿತ್ತು. ರಾತ್ರಿ ಉಣ್ಣುವಾಗ ಅಂದ: "ಅವ್ರದ್ದ್ ಗದ್ದೆ ಇಲ್ವಲೇ, ಮುಯ್ಯಿ ತೀರ್ಸೂಕೆ ಹೋಗೂದೆಲ್ಲಿಗೆ? ಸುಮ್ನಿರು."

ಹೋಗಬೇಕಾದ ಜಾಗವನ್ನು ಹುಡುಕಿಕೊಂಡು ಬಂದವನು ಸಂದೀಪ. ಗುತ್ತಿಗೆದಾರನ ಸೂಪರ್‌ವೈಸರು. ಸದಾಶಿವಗಡದವನು, ಫೋನಿನಲ್ಲಿ ಕೊಂಕಣಿ, ಕೂಲಿಗಳ ಮೇಲೆ ಹಿಂದಿ, ಹಾಲಕ್ಕಿಗಳ ಹತ್ತಿರ ಬೆಣ್ಣೆಯಂಥ ಕನ್ನಡ. ಕೊಪ್ಪದ ಜನ ದಣಪೆಯಲ್ಲಿ ಕಾವಲಿದ್ದ ಹೊತ್ತು ನೋಡಿ, ಹಿತ್ತಲ ಗೇರುಮರಗಳ ನಡುವಿಂದ ಒಬ್ಬನೇ ಬಂದ. ಬಂದವನು ಗದ್ದೆಯ ಮಾತು ಎತ್ತಲಿಲ್ಲ. ಸೋಮುವಿನ ಕಾಲಬುಡದಲ್ಲಿ ಕೂತು ಸೊಂಟ ಹೇಗಿದೆ, ಗೋವೆಯ ಆಸ್ಪತ್ರೆಯಲ್ಲಿ ತೋರಿಸಿದ್ರಾ, ನನಗೆ ಗುರುತಿನವರಿದ್ದಾರೆ ಎಂದೆಲ್ಲ ಕೇಳಿದ. ಅವನ ಅಜ್ಜಿ ಬೇಸಾಯದವಳಂತೆ. ಬೀರಿ ಕಂಬಕ್ಕೊರಗಿ ನಿಂತೇ ಇದ್ದಳು, ಕೂರು ಎನ್ನಲಿಲ್ಲ, ಏಳು ಎನ್ನಲೂ ಇಲ್ಲ.

"ಬೀರಕ್ಕಾ, ಒಂದ್ ಮಾತು. ತಪ್ಪು ತಿಳೀಬೇಡಿ. ಆ ದಿವಸ ನಮ್ಮ ದ್ಯಾಮವ್ವ ನಿಮ್ಮ ಗದ್ದೇಲಿ ನೆಂದಳಲ್ಲ, ಆವತ್ತಿಂದ ಜ್ವರ. ಪಾಪ, ಎದ್ದು ಕೂರೂಕೂ ಆಗೂದಿಲ್ಲ. ನಾಳೆ ನಾಕು ಕಲ್ಲು ಗುಡ್ಡದ ಬುಡಕ್ಕೆ ಹೊರಿಸ್ಬೇಕು. ಅವಳ ಪಾಲಿನ ಕಲ್ಲು ಯಾರು ಹೊರೂದು? ಹೊರದಿದ್ರೆ ಮೇಲಿನವ್ರು ಅವಳನ್ನ ಕೆಲಸದಿಂದ ತೆಗೀತಾರೆ. ನಂದೇನೂ ನಡೆಯೂದಿಲ್ಲ ಬಾಯೇ."

"ಕಲ್ಲ್ ಹೊರೂದಿಲ್ಲಾ ನಾನು," ಎಂದಳು ಬೀರಿ.

"ಹುಗೀಲಿಕ್ಕಲ್ಲ. ಗುಡ್ಡದ ಬುಡ ಅಂದ್ರೆ ಅರಣ್ಯದ ಜಾಗ, ಯಾರ ಗದ್ದೆಯೂ ಅಲ್ಲ. ಅಲ್ಲಿ ಇಟ್ಟುಬಿಡೂದು ಅಷ್ಟೇ. ಒಂದೇ ಒಂದು ಹೊರೆ." ಎದ್ದು ಚಪ್ಪಲಿ ಮೆಟ್ಟಿದ. ಆಮೇಲೆ, ಈಗಷ್ಟೇ ನೆನಪಾದವನ ಹಾಗೆ ಹಿಂತಿರುಗಿದ. "ನಮ್ಮ ಅಜ್ಜಿ ಹೇಳ್ತಿದ್ಲು, ಹಾಲಕ್ಕಿಗಳು ಅನ್ನ ಬಿಟ್ಟಾರು, ಮುಯ್ಯಿ ಬಿಡೂದಿಲ್ಲ ಅಂತ. ಈಗಿನ ಕಾಲದಲ್ಲಿ ಅದೆಲ್ಲ ಎಲ್ಲಿ ಉಳೀತು ಬಿಡಿ."

ಕತ್ತಿ ಹಿಡಿದು ಬಂದವನನ್ನು ಎದುರಿಸಬಹುದು. ನಮ್ಮ ಒಳ್ಳೆಯತನವನ್ನೇ ಹಗ್ಗ ಮಾಡಿಕೊಂಡು ಬಂದವನನ್ನು ಹೇಗೆ ಎದುರಿಸುವುದು? ಬೀರಿ ಆ ಇಡೀ ದಿನ ತನ್ನೊಳಗೇ ಲೆಕ್ಕ ಹಾಕಿದಳು. ಇಟ್ಟ ಕಲ್ಲು ಬೇರೆ, ನೆಟ್ಟ ಕಲ್ಲು ಬೇರೆ. ಒಂದು ಹೊರೆ ಒಯ್ದು ಚೆಲ್ಲಿದರೆ ಮುಯ್ಯಿ ತೀರಿತು. ಆಮೇಲೆ ದಣಪೆಯಲ್ಲಿ ಕೂತು ಎದೆ ಎತ್ತಿ ಬೈಯಬಹುದು. ಋಣದಲ್ಲಿದ್ದವಳ ಬೈಗುಳಕ್ಕೆ ಬಲವಿರುವುದಿಲ್ಲ. ಸೋಮುವಿಗೆ ಹೇಳಲಿಲ್ಲ. ಬೊಮ್ಮುಗೌಡನಿಗೂ ಹೇಳಲಿಲ್ಲ. ಹೇಳಿದ್ದರೆ ಈ ಕತೆ ಬೇರೆ ಆಗುತ್ತಿತ್ತು. ಅವಳು ಹೇಳಲಿಲ್ಲ.

ಬೆಳಕು ಹರಿಯುತ್ತಲೇ ಹೋದಳು. ರಾತ್ರಿಯ ಕಾವಲಿನವರು ಎದ್ದು ಹಗಲಿನವರು ಬರುವ ನಡುವೆ ದಾಟಿಬಿಡಬೇಕೆಂದಿತ್ತು. ಇಬ್ಬರು ಗಂಡಸರು ಕಲ್ಲು ಎತ್ತಿ ಅವಳ ತಲೆಯ ಸಿಂಬಿಯ ಮೇಲಿಟ್ಟರು. ಭತ್ತದ ಹೊರೆ ತೂಗುತ್ತ ಬರುತ್ತದೆ, ಜೊತೆಗೆ ನಡೆಯುತ್ತದೆ. ಕಲ್ಲು ನಡೆಯುವುದಿಲ್ಲ. ಕೊರಳ ಮಣಿಸರಗಳು ಬೆವರಿಗೆ ಅಂಟಿ ಚರ್ಮ ಕೊರೆದವು. ಕುತ್ತಿಗೆ ತಿರುಗಿಸುವ ಹಾಗಿರಲಿಲ್ಲ. ಹಿಂದೆ ಯಾರು ಬರುತ್ತಿದ್ದಾರೆಂದು ನೋಡುವ ಹಾಗಿರಲಿಲ್ಲ.

ದಣಪೆಯಲ್ಲಿ ಜನ ಇದ್ದರು. ತಾಡಪಾಲಿನ ಕಡೆ ಇರುಳಲ್ಲೇ ದೀಪ ಓಡಾಡಿದ್ದು ಕಂಡು ಬೊಮ್ಮುಗೌಡ ಎಲ್ಲರನ್ನೂ ಬೇಗ ಎಬ್ಬಿಸಿ ಕರೆತಂದಿದ್ದ. ಅಡ್ಡಗೋಲಿನ ಆಚೆ ಕೊಪ್ಪವೇ ಕೂತಿತ್ತು. ಈಚೆ ಬೀರಿ, ತಲೆಯ ಮೇಲೆ ಕೆಂಪು ತಲೆಯ ಕಲ್ಲು.

ಹೊರೆ ಹೊತ್ತವರನ್ನು ತಡೆಯಬಾರದು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಅಂಕೋಲೆಯ ಪೇಟೆಗೆ ಬುಟ್ಟಿ ಹೊತ್ತು ನಡೆದ ಹೆಂಗಸರ ಕಾಲಿಗೇ ಗೊತ್ತಿದ್ದ ಮಾತು. ಬರಿದಲೆಯವರು ಬದಿಗೆ ಸರಿಯಬೇಕು; ನಿಲ್ಲಿಸಿದರೆ ಹೊತ್ತವಳ ಕತ್ತು ಹೋಗುತ್ತದೆ. ಕಲ್ಲು ಕಂಡು ಕಾಮಿಯ ಮುಖ ಕಪ್ಪಾಯಿತು. ಆದರೆ ಅವಳ ಕೈಗೆ ಸಿಟ್ಟು ತಲುಪುವ ಮೊದಲೇ ಅಭ್ಯಾಸ ತಲುಪಿತು. ಎದ್ದಳು, ಗೋಲು ಸರಿಸಿದಳು. ಕೂತವರು ಕಾಲು ಮಡಚಿ ಇಬ್ಭಾಗವಾದರು. ಬೀರಿ ದಾಟಿದಳು.

ಅವಳ ಹಿಂದೆಯೇ ಇನ್ನೊಂದು ಕಲ್ಲು ಬಂತು. ಅದರ ಹಿಂದೆ ಮತ್ತೊಂದು. ತಾಡಪಾಲಿನ ಅಷ್ಟೂ ಜನ ತಲೆಯ ಮೇಲೆ ಕಲ್ಲು ಹೊತ್ತು, ಅವಳ ನೆರಳು ತುಳಿಯುವಷ್ಟು ಹತ್ತಿರದಲ್ಲಿ ಸಾಲಾಗಿ ಬಂದರು. ಒಬ್ಬ ಹೊರೆಯವಳಿಗೆ ಬಿಟ್ಟ ದಾರಿಯನ್ನು ಇನ್ನೊಬ್ಬ ಹೊರೆಯವನಿಗೆ ಹೇಗೆ ಮುಚ್ಚುವುದು? ಬೊಮ್ಮುಗೌಡ "ಗೋಲ್ ಹಾಕ್ರೋ!" ಎಂದು ಕೂಗುವಷ್ಟರಲ್ಲಿ, ತಲೆಯ ಮೇಲೆ ಏನೂ ಇಲ್ಲದ ಸಂದೀಪ ಮೂರು ಕಾಲಿನ ಅಳತೆಯ ಯಂತ್ರ ಬಗಲಲ್ಲಿ ಹಿಡಿದು, ಎಲ್ಲರಿಗೂ ನಮಸ್ಕಾರ ಹಾಕುತ್ತ ದಾಟಿ ಹೋಗಿದ್ದ.

ಗುಡ್ಡದ ಬುಡದವರೆಗೆ ಯಾರೂ ಹೋಗಲಿಲ್ಲ. ಬೀರಿಯ ಗದ್ದೆಯಲ್ಲೇ ಹಾರೆ ನೆಲಕ್ಕೆ ಬಿತ್ತು. ಕೊಯ್ದ ಕೂಳೆಯ ನಡುವೆ ಮಣ್ಣು ಇನ್ನೂ ಮಳೆಗೆ ಮೆತ್ತಗಿತ್ತು. ಹುಗಿಯಲು ಕಷ್ಟವೇ ಆಗಲಿಲ್ಲ. ಕೊಪ್ಪದವರು ಓಡಿ ಬರುವಷ್ಟರಲ್ಲಿ ಒಂದು ಕಲ್ಲು ನಿಂತಾಗಿತ್ತು; ನೆಟ್ಟ ಸರಕಾರಿ ಕಲ್ಲು ಕೀಳುವುದು ಜೈಲಿನ ಕೆಲಸ.

ಬೀರಿ ಬದುವಿನ ಮೇಲೆ ಕಲ್ಲು ಹೊತ್ತೇ ನಿಂತಿದ್ದಳು. ಹೊರೆಯನ್ನು ಒಬ್ಬರೇ ಇಳಿಸಲಾಗುವುದಿಲ್ಲ. "ಯಾರಾದ್ರೂ ಒಂದ್ ಕೈ ಕೊಡ್ರೇ," ಎಂದಳು. ಓಡಿ ಬಂದು ಬೇಲಿಯ ಬಳಿ ನಿಂತಿದ್ದ ಕೊಪ್ಪದವರಲ್ಲಿ ಯಾರೂ ಅಲುಗಲಿಲ್ಲ. ಕಾಮಿ ಮುಖ ತಿರುಗಿಸಿದಳು. ಸಾಲಿನ ಕೊನೆಯಲ್ಲಿ ಕಂಬಳಿ ಹೊದ್ದು ನಡುಗುತ್ತ ಬಂದಿದ್ದ ದ್ಯಾಮವ್ವ ಕಂಬಳಿ ಎಸೆದು ಬಂದು, ಎರಡೂ ಕೈಯಿಂದ ಕಲ್ಲು ಹಿಡಿದು ಇಳಿಸಿದಳು. ಅವಳ ಕೈ ಕಾದ ಹೆಂಚಿನ ಹಾಗಿತ್ತು. ಜ್ವರ ಮಾತ್ರ ಸುಳ್ಳಾಗಿರಲಿಲ್ಲ.

"ನೀ ಯಾಕ ಹೊತ್ತಿ ಯವ್ವಾ ಇದನ್ನ? ನಿನ್ನ ಹೊಲಕ್ಕ ನೀನ ಕಲ್ಲ ಹೊತಗೊಂಡ ಬಂದೀಯಲ್ಲ!"

"ನೀವ್ ಆ ದಿನ ಬಂದ್ರಲೇ. ಮುಯ್ಯಿ ತೀರ್ಸ್ಬೇಕಲ್ದಾ?"

"ಎಂಥಾ ಮುಯ್ಯಿ? ನಾ ಏನರೆ ಕೇಳಿದ್ನೇನ?" ದ್ಯಾಮವ್ವನ ಧ್ವನಿ ಒಡೆಯಿತು. "ಬೆಳಿ ತೋಯಾಕತ್ತಿತ್ತು, ನೋಡಾಕ ಆಗಲಿಲ್ಲ, ಬಂದ್ವಿ. ನಮ್ಮ ಹೊಲ ಆಣೆಕಟ್ಟಿನ ಹಿನ್ನೀರಾಗ ಹೋತು. ತೆನಿ ಹಿಡದ ಜ್ವಾಳ ಕಣ್ಣ ಮುಂದ ಮುಳಗಿತು. ಅವತ್ತ ನಮಗ ಯಾರೂ ಬರಲಿಲ್ಲ. ಅದ ನೆನಪಾತು, ಬಂದ್ವಿ. ಅದಕ್ಕ ಏನ ವಾಪಸ್ ಕೊಡ್ತಿ ನೀನು? ನಿನ್ನ ಬೆಳಿ ಹೊತ್ತದ್ದನ್ನ ಈ ಸಾಹೇಬಗ ನಗಾಡಕೋಂತ ಹೇಳಿದಾಕಿ ನಾನ. ಬೈತಾನ ಅಂದಕೊಂಡ್ರ, ಚಲೋ ಮಾಡೀರಿ ಅಂದ. ನಾ ಮಬ್ಬಿ, ಖರೇ ಅಂತ ತಿಳದೆ."

ಇಲ್ಲದ ಸಾಲಕ್ಕೆ ಇದ್ದ ಗದ್ದೆ ಕೊಟ್ಟೆನೆಂದು ತಿಳಿಯಲು ಬೀರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಮೇಲೆ ಬಗ್ಗಿ, ತಾನು ಹೊತ್ತು ತಂದ ಕಲ್ಲನ್ನು ಉಗುರು ಸೀಳುವ ಹಾಗೆ ತಬ್ಬಿ ಎತ್ತಲು ನೋಡಿದಳು. ಅದು ಕದಲಲಿಲ್ಲ. ಇಬ್ಬರು ಕೂಲಿಗಳು ಬಂದು, ದೂರ ಸರೀರಿ ಅಜ್ಜಿ, ಕಾಲಿನ ಮೇಲೆ ಬಿದ್ದೀತು ಎಂದು ಮೆಲ್ಲಗೆ ಅವಳನ್ನು ಸರಿಸಿ, ಕಲ್ಲು ಒಯ್ದು ಕುಣಿಗೆ ಇಳಿಸಿದರು.

ಆ ಸಂಜೆ ಅವಳು ಬೊಮ್ಮುಗೌಡನ ಅಂಗಳಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿದ. "ನೀ ದುಡ್ಡ್ ತಕಂಡೆ ಅಂತ ನಾ ಹೇಳೂದಿಲ್ಲಾ," ಎಂದ. "ತಕಂಡಿದ್ರೆ ಬೈದ್ ಬಿಡ್ತಿದ್ದೆ. ಈಗ ಯಂತ ಮಾಡ್ಲಿ ನಿನ್ನ?" ಒಳಗೆ ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ, ಹೊರಗೂ ಬರಲಿಲ್ಲ.

ಒಂದು ಕಲ್ಲು ನೆಟ್ಟ ಮೇಲೆ ಉಳಿದದ್ದಕ್ಕೆ ಕಾಯಿದೆಯೇ ಕಾಲು ಹಚ್ಚಿಕೊಂಡು ಬರುತ್ತದೆ. ಮರುದಿನ ಜೆಸಿಬಿ ಬಂತು, ಅದರ ಮುಂದೆ ಪೊಲೀಸರು ಬಂದರು. ಕೊಪ್ಪದವರು ದಾರಿಗೆ ಅಡ್ಡ ಮಲಗಿದರು. ಬೀರಿಯೂ ಹೋಗಿ ಮಲಗಿದಳು. ಬಾ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪಕ್ಕದಲ್ಲಿದ್ದ ಕಾಮಿ ಸ್ವಲ್ಪ ಸರಿದು ಮಲಗಿದಳು. ನಡುವೆ ಒಬ್ಬರು ಮಲಗುವಷ್ಟು ನೆಲ ಖಾಲಿ ಉಳಿಯಿತು.

ಎತ್ತಲು ಶುರುಮಾಡಿದರು. ಗಂಡಸರನ್ನು ಅಂಗಿಯ ಕಾಲರು ಹಿಡಿದು, ಹೆಂಗಸರನ್ನು ಕೈಕಾಲು ಹಿಡಿದು. ಕಾಮಿಯ ಮಣಿಸರ ಹರಿದು ದಾರಿಯ ತುಂಬ ಚೆಲ್ಲಿತು. ಬೊಮ್ಮುಗೌಡನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಬೀರಿ ಕಣ್ಣು ಮುಚ್ಚಿ ತನ್ನ ಸರದಿಗಾಗಿ ಕಾದಳು. ಬದುಕಿನಲ್ಲಿ ಅವಳು ಯಾವುದಕ್ಕೂ ಅಷ್ಟು ಆಸೆಯಿಂದ ಕಾದದ್ದಿಲ್ಲ. ತನ್ನನ್ನೂ ಎಳೆಯಲಿ, ಹೊಡೆಯಲಿ, ಆ ವ್ಯಾನಿಗೆ ಎಸೆಯಲಿ.

"ಅವರನ್ನ ಬಿಡಿ ಮೇಡಂ," ಎಂದ ಸಂದೀಪನ ಧ್ವನಿ ಕೇಳಿತು. "ಅವರು ನಮ್ಮವರು. ಪಾಪ, ಮೊದಲನೇ ಕಲ್ಲು ಹೊತ್ತವ್ರೇ ಅವರು."

ಯಾರೋ ಅವಳ ಭುಜ ಮುಟ್ಟಿದರು. ಕಣ್ಣು ತೆರೆದರೆ ಎಳೆಯ ವಯಸ್ಸಿನ ಪೊಲೀಸು ಹುಡುಗಿ, ಹಿಂದೆಂದೂ ನೋಡದ ಮುಖ. "ಏಳಿ ಅಜ್ಜಿ, ಬಿಸಿಲಿದೆ. ನಿಮಗ್ಯಾಕೆ ಈ ಕೇಸು ಗೀಸು."

"ನನ್ನೂ ವ್ಯಾನ್ ಹತ್ಸೇ ತಂಗಿ," ಎಂದಳು ಬೀರಿ. "ನಾನೂ ಅವ್ರ ಜೊತೆಗಿನವಳೇ. ನೋಡು, ನಾ ಕಲ್ಲ್ ಹೊಡೀತೆ ಈಗ, ನಿಂಗೇ ಹೊಡೀತೆ. ಹತ್ಸು!"

ಹುಡುಗಿಗೆ ನಗು ಬಂತು. ಕೆಟ್ಟ ನಗುವಲ್ಲ, ಮನೆಯಲ್ಲಿ ಇಂಥದೇ ಅಜ್ಜಿ ಇದ್ದವಳ ನಗು. ಮೊಣಕೈ ಹಿಡಿದು ಮೆಲ್ಲಗೆ ಎಬ್ಬಿಸಿದಳು. ಸೀರೆಗೆ ಹತ್ತಿದ ಮಣ್ಣು ಕೊಡವಿದಳು. ಮಾವಿನ ಮರದ ನೆರಳಿಗೆ ನಡೆಸಿಕೊಂಡು ಹೋಗಿ ಕೂರಿಸಿ, ತನ್ನ ಪಾಲಿನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಕೈಗಿಟ್ಟಳು. "ನಿಧಾನ ಕುಡೀರಿ," ಎಂದು ಹೇಳಿ, ಉಳಿದವರನ್ನು ಎಳೆಯಲು ಹೋದಳು.

ವ್ಯಾನು ಅಂಕೋಲೆಯ ಕಡೆ ಹೊರಟಿತು. ಜಾಲರಿಯ ಹಿಂದೆ ಕೊಪ್ಪದ ಮುಖಗಳೆಲ್ಲ ಒತ್ತಿಕೊಂಡು ನಿಂತು, ನೆರಳಲ್ಲಿ ಕೂತವಳನ್ನು ನೋಡಿದವು. ಬೀರಿ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲು ಹೋದಳು. ಬಾಟಲಿಯ ತೆರೆದ ಬಾಯಿಂದ ನೀರು ಮಡಿಲ ಮೇಲೆಲ್ಲ ಚೆಲ್ಲಿತು.